ತೊಡಿಸಲು ಮರೆತ ಸ್ಲೀವ್

ನನ್ನ ನಾದಿನಿಯನ್ನು ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತೇವೆ. ಅವಳು ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುವುದಿಲ್ಲ, ಆ ಮಾತು ಬೇರೆ. ಮನೆಗೆ ಅಂಟಿಕೊಂಡ ಷೆಡ್ಡಿನಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಾಳೆ. ಆ ಕೆಲಸ ಅವಳ ಅಪ್ಪನಿಂದ ಬಂದದ್ದು. ಮದುವೆಯಾಗಿ ಹೋದಲ್ಲಿ ಬಾಳಲಾಗದೆ ತವರಿಗೆ ಮರಳಿದ ಮರುದಿನವೇ ಮಾವ ಅವಳ ಕೈಗೆ ಎರಡು ತುಂಡು ವೈರು ಕೊಟ್ಟು "ಸೇರಿಸು" ಎಂದರಂತೆ. ಸೇರಿಸಿದಳು. ಅವರು ಜಗ್ಗಿದರು, ಕಿತ್ತುಬಂತು. "ಅಳೋದು ಆಮೇಲೆ, ಇನ್ನೊಂದ್ಸಲ ಸೇರಿಸು" ಎಂದರಂತೆ. ಮಾವ ಈಗಿಲ್ಲ. ಪುಟ್ಟಿ ಇಂದಿಗೂ ಹಾಕಿದ ಪ್ರತಿ ಜೋಡಣೆಯನ್ನೂ ಜಗ್ಗಿ ನೋಡುತ್ತಾಳೆ. ನಾನು ಮಗುವಿನ ಕುಲಾವಿಯ ದಾರ ಕಟ್ಟಿದರೂ ಅವಳ ಕೈ ಅತ್ತ ಹೋಗುತ್ತದೆ.

ಇವತ್ತು ಅತ್ತೆಗೆ ಡಯಾಲಿಸಿಸ್. ಕರೆದೊಯ್ಯಲು ಬಂದ ಆಸ್ಪತ್ರೆಯ ವ್ಯಾನು ಬೀದಿಯ ತಿರುವು ದಾಟುವ ಮೊದಲೇ ನಿಂತುಹೋಯಿತು. ಅತ್ತೆಯ ಕಾಲು ನಿನ್ನೆಯಿಂದಲೇ ಊದಿತ್ತು, ಉಸಿರಿಗೂ ಕಷ್ಟ. ತಲೆ ಎತ್ತರಿಸಿ ಮಲಗಿಸಿಕೊಂಡೇ ಹೋಗಬೇಕು, ಆಟೋದಲ್ಲಿ ಆಗದು. ಆಸ್ಪತ್ರೆಗೆ ಫೋನ್ ಮಾಡಿದರೆ, ಬೇರೆ ಗಾಡಿ ಇಲ್ಲ, ಹೊತ್ತಿಗೆ ಬಾರದಿದ್ದರೆ ಮಂಚ ಮುಂದಿನವರಿಗೆ ಹೋಗುತ್ತದೆ ಎಂದರು. ಅಕ್ಕಪಕ್ಕದವರು ಸೇರಿ, ಅತ್ತೆ ಒಳಗಿದ್ದ ಹಾಗೆಯೇ ವ್ಯಾನನ್ನು ಷೆಡ್ಡಿಗೆ ತಳ್ಳಿದರು.

ಪುಟ್ಟಿ ಬಾನೆಟ್ ಎತ್ತಿ, ಇಂಜಿನ್ನಿಗೆ ಡೀಸೆಲ್ ಬಿಡುವ ಕವಾಟದ ವೈರನ್ನು ಬೆರಳಲ್ಲಿ ಸವರುತ್ತ ಹೋಗಿ ಹಳೆಯ ಜೋಡಣೆಯೊಂದರ ಮೇಲೆ ಬೆರಳು ನಿಲ್ಲಿಸಿದಳು. ಯಾರೋ ಹಿಂದೆ ಬರೀ ತಿರುಚಿ ಟೇಪ್ ಸುತ್ತಿದ್ದರು. ಬಿಸಿಗೆ ಟೇಪಿನ ಅಂಟು ಕರಗಿ, ನೀರಿಳಿದು, ತಾಮ್ರ ಹಸಿರುಗಟ್ಟಿತ್ತು.

"ಯಾರಪ್ಪಾ ಈ ಪುಣ್ಯಾತ್ಮ?"

"ನಂಗೇನ್ ಗೊತ್ತಕ್ಕಾ, ನಾನು ಓಡಿಸೋನು ಅಷ್ಟೇ," ಎಂದ ಡ್ರೈವರ್. "ಹಾಗೇ ತಿರುಚಿ ಕೊಡಿ, ಹೋಗ್ಬಿಡ್ತೀವಿ."

ಪುಟ್ಟಿ ಬ್ಯಾಟರಿಯ ಮೈನಸ್ ವೈರು ಕಳಚಿದಳು. ಎರಡೂ ಕಡೆ ಹೊಳೆಯುವ ತಾಮ್ರ ಕಾಣುವ ತನಕ ವೈರನ್ನು ಕತ್ತರಿಸುತ್ತ ಹೋದಳು. ನಾನು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಟಾರ್ಚ್ ಹಿಡಿದಿದ್ದೆ. ಒಳಗಿನಿಂದ ಅತ್ತೆಯ ಉಸಿರು ಕೇಳುತ್ತಿತ್ತು, ಒದ್ದೆ ಬಟ್ಟೆ ಎಳೆದಂತೆ.

"ಪುಟ್ಟೀ, ಆಯ್ತೇನೇ?"

"ಆಯ್ತಮ್ಮ, ಆಯ್ತು."

ಎರಡು ತುದಿಗಳನ್ನೂ ಸಣ್ಣ ಲೋಹದ ಕೊಳವೆಗೆ ತೂರಿಸಿ ಇಕ್ಕಳದಿಂದ ಅದುಮಿದಳು. ಜಗ್ಗಿದಳು, ಬರಲಿಲ್ಲ. ಬಿಸಿಗಾಳಿಯ ಗನ್ನಿಗೆ ಕೈ ಚಾಚಿದವಳು ಹಾಗೇ ನಿಂತಳು. ಬಿಸಿಗೆ ಜೋಡಣೆಯ ಮೇಲೆ ಕುಗ್ಗಿ ಕೂರಬೇಕಾದ ಸ್ಲೀವ್ ಎಂಬ ಪ್ಲಾಸ್ಟಿಕ್ ಕೊಳವೆ ಅವಳ ತುಟಿಗಳ ನಡುವೆಯೇ ಇತ್ತು. ಅದನ್ನು ವೈರಿಗೆ ಮೊದಲೇ ತೊಡಿಸಬೇಕು, ಸೇರಿಸಿದ ಮೇಲೆ ತೂರಿಸಲು ದಾರಿಯಿಲ್ಲ. ಇಷ್ಟು ವರ್ಷದಲ್ಲಿ ಅವಳು ಅದನ್ನು ಮರೆತದ್ದು ನಾನು ಕಂಡಿಲ್ಲ.

"ಟೇಪ್ ಸುತ್ತಕ್ಕಾ, ಇವತ್ತೊಂದಿನ ನಡೆಯತ್ತೆ," ಎಂದ ಡ್ರೈವರ್.

ನನ್ನ ಬಾಯಿಂದಲೂ ಅದೇ ಬಂತು. "ಹೌದು ಕಣೇ, ಬಂದ್ಮೇಲೆ ಸರಿ ಮಾಡು."

"ಬರೋದೂ ಇದೇ ಗಾಡೀಲಿ ಅತ್ತಿಗೆ. ಆಮೇಲೆ ಇದು ಎಲ್ಲಿಗೋ ಹೋಗತ್ತೆ, ಇನ್ಯಾರನ್ನೋ ಮಲಗಿಸ್ಕೊಂಡು." ಮಾತು ಮುಗಿಯುವುದರೊಳಗೆ ಜೋಡಣೆಯನ್ನು ಕತ್ತರಿಸಿಬಿಟ್ಟಿದ್ದಳು.

ಕತ್ತರಿಸಿ ಗಿಡ್ಡವಾದ ವೈರಿನ ತುದಿಗಳು ಈಗ ಒಂದಕ್ಕೊಂದು ಎಟುಕಲಿಲ್ಲ. ಪುಟ್ಟಿ ಅಷ್ಟೇ ದಪ್ಪದ ಇನ್ನೊಂದು ವೈರಿನ ತುಂಡು ಹುಡುಕಿ ತಂದಳು. ಒಂದರ ಬದಲು ಎರಡು ಜೋಡಣೆ. ವೈರು ಹಿಡಿದು ನನ್ನತ್ತ ತಿರುಗಿದಳು. "ಅತ್ತಿಗೆ, ಜೋರಾಗಿ ಹೇಳಿ, ಮೊದಲೇನು?"

"ಸ್ಲೀವ್."

"ಇನ್ನೊಂದ್ಸಲ."

"ಸ್ಲೀವ್ ಕಣೇ, ಸ್ಲೀವ್!" ಎಂದು ಕಿರುಚಿದೆ. ಮಗು ಬೆಚ್ಚಿ ಅಳತೊಡಗಿತು.

"ಅಲ್ಲೇನ್ರೇ ಜಗಳ?" ಎಂದರು ಅತ್ತೆ ಒಳಗಿನಿಂದ. "ನಾನಿನ್ನೂ ಇದೀನಿ ಕಣ್ರೇ."

ಎರಡು ಸ್ಲೀವ್ ತೊಡಿಸಿದಳು, ಅದುಮಿದಳು, ಒಂದೊಂದನ್ನೂ ಜಗ್ಗಿದಳು. ಬಿಸಿಗೆ ಸ್ಲೀವ್ ಕುಗ್ಗಿ ಎರಡೂ ತುದಿಯಲ್ಲಿ ಒಳಗಿನ ಅಂಟು ಇಣುಕುವ ತನಕ ಗನ್ ಸರಿಸಲಿಲ್ಲ. ಅಲುಗಾಟದ ಭಾರ ಜೋಡಣೆಯ ಮೇಲೆ ಬೀಳದ ಹಾಗೆ ವೈರನ್ನು ಪಕ್ಕದ ಕಂಬಿಗೆ ಕಟ್ಟಿದಳು. ಡ್ರೈವರ್ ಅಷ್ಟೊತ್ತಿಗೆ ಸೀಟಿನ ಮೇಲೆ ಕೂತು ಸ್ಟೇರಿಂಗ್ ಕುಟ್ಟುತ್ತಿದ್ದ. ಬ್ಯಾಟರಿಗೆ ಮೈನಸ್ ಸೇರಿಸಿ ಕೈ ಬೀಸಿದಳು. ಇಂಜಿನ್ ಹಿಡಿಯಿತು. ಎಣ್ಣೆ ಕೈಯಲ್ಲೇ ವ್ಯಾನು ಹತ್ತಿ ಅಮ್ಮನ ಪಕ್ಕ ಕೂತಳು.

ನಾನು ಮಗುವಿಗೆ ಹಾಲು ಕುಡಿಸಿ, ಬಟ್ಟೆ ಒಗೆದು, ಒಗೆದದ್ದನ್ನೇ ಮತ್ತೆ ಒಗೆದೆ. ಫೋನ್ ಬಂದಾಗ ಕೈಯೆಲ್ಲ ಸೋಪಿನ ನೊರೆ.

"ಮಂಚ ಸಿಕ್ತು ಅತ್ತಿಗೆ," ಎಂದಳು ಪುಟ್ಟಿ.

"ಮತ್ತೇನೇ?"

"ತಡವಾಯ್ತಲ್ಲ. ಒಂದು ಗಂಟೆ ಕಮ್ಮಿ ಮಾಡ್ತಾರಂತೆ, ಹಿಂದೆ ಇನ್ನೊಬ್ರು ಕಾಯ್ತಿದಾರೆ. ಮುಂದಿನ ಸಲದವರೆಗೆ ಕುಡಿಯೋಕೆ ನೀರು ಇನ್ನೂ ಕಮ್ಮಿ ಕೊಡ್ಬೇಕಂತೆ. ನಾನು ಸ್ಲೀವ್ ಮರೆತಿದ್ದಕ್ಕೆ." ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಬಾ ಮನೆಗೆ," ಎಂದೆ.

ಸಂಜೆ ಅದೇ ವ್ಯಾನು ಎಲ್ಲೂ ನಿಲ್ಲದೆ ಬಾಗಿಲಿಗೆ ಬಂತು. ಅತ್ತೆ ಸುಸ್ತಾಗಿದ್ದರು, ಉಸಿರು ಮಾತ್ರ ಹಗುರಾಗಿತ್ತು. ಅವರ ಲೋಟ ಎತ್ತಿಟ್ಟು, ಮಗುವಿಗೆ ಔಷಧಿ ಕುಡಿಸುವ ಬಟ್ಟಲಲ್ಲಿ ನೀರು ಕೊಟ್ಟೆ. ಪುಟ್ಟಿ ಗೋಡೆಯ ಕಡೆ ನೋಡುತ್ತಿದ್ದಳು.

ಅತ್ತೆ ಬಟ್ಟಲನ್ನು ತಿರುಗಿಸಿ ನೋಡಿದರು. "ಇದೇನೇ, ಗುಬ್ಬಿಗೆ ಇಟ್ಟಿದ್ದಾ?" ಎಂದರು. ಒಂದು ಗುಟುಕು ಕುಡಿದು, ಉಳಿದದ್ದನ್ನು ಮುಚ್ಚಿಡಲು ಹೇಳಿ, ಮಗಳ ಕರಿ ಮೆತ್ತಿದ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.