ಬೆರಳಿಗಂಟಿದ ನಸ್ಯ

ನಾನು ಕುದೂರಿನ ಕೆ. ಸರೋಜಮ್ಮ, ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು. ಇಂದು ರಾಮನಗರದಲ್ಲಿ ಮೊಮ್ಮಗಳ ಪಿಯಾನೊ ತರಗತಿಯ ಹೊರಗೆ ಕುಳಿತಿದ್ದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು ನಸ್ಯದ ಡಬ್ಬಿ ತೆರೆದರು. ಕೂಡಲೇ ನನ್ನ ಕೈ ತಾನಾಗಿಯೇ ಮೂಗಿನ ಬಳಿ ಹೋಯಿತು.

ಚಿಕ್ಕಂದಿನಲ್ಲಿ ನನಗೆ ಹಾರ್ಮೋನಿಯಂ ಕಲಿಸಿದ ನಾಟಕದ ಮೇಷ್ಟರು ನಸ್ಯ ಏರಿಸುತ್ತಲೇ ಪಾಠ ಹೇಳುತ್ತಿದ್ದರು. ಹಾರ್ಮೋನಿಯಂ ಪೆಟ್ಟಿಗೆಯ ಬಿಳಿ ಪಟ್ಟಿಗಳೆಲ್ಲ ಅದರಿಂದ ಕಂದಾಗಿದ್ದವು; ನುಡಿಸಿದರೆ ನನ್ನ ಬೆರಳಿಗೂ ಅಂಟುತ್ತಿತ್ತು. ನಮ್ಮ ಮನೆಯಲ್ಲಿಯೋ ರೇಷ್ಮೆಹುಳು ಸಾಕಣೆ. ನಸ್ಯವೆಂದರೆ ಹೊಗೆಸೊಪ್ಪಿನ ಪುಡಿ, ಅದರ ಸೋಂಕೂ ಹುಳುಗಳಿಗೆ ವಿಷ.

"ಒಂದ್ ಹುಳ ಸತ್ರೂ ನಿನ್ ಪೆಟ್ಗೆ ಪಾಠ ಅವತ್ಗೇ ನಿಂತೋಯ್ತದೆ ಕಣಮ್ಮಿ" ಎಂದು ಅಜ್ಜಿ ಮೊದಲೇ ಎಚ್ಚರಿಸಿದ್ದರು.

ಒಂದು ಸಂಜೆ ಪಾಠ ಮುಗಿಸಿ ಬಂದು, ಸೀಗೇಪುಡಿ ಹಾಕಿ ಕೈ ಉಜ್ಜಿ ತೊಳೆದೆ. ಮೂಸಿದರೆ ವಾಸನೆ ಹೋಗಿರಲಿಲ್ಲ. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಕೂಗಿದರು: "ಬೇಗ ಬಾರಮ್ಮಿ, ಹುಳ ಹಸ್ಕೊಂಡವೆ, ಸೊಪ್ಪಾಕು."

ಹೇಳಿದರೆ ಪಾಠ ಹೋಗುತ್ತದೆ, ಮುಚ್ಚಿಟ್ಟರೆ ಹುಳು ಸಾಯುತ್ತವೆ. ಬಾಗಿಲಲ್ಲೇ ನಿಂತು ಎರಡೂ ಕೈ ಚಾಚಿದೆ.

"ಅಜ್ಜೀ, ಒಸಿ ಮೂಸ್ನೋಡು. ಇನ್ನೂ ವಾಸ್ನೆ ಐತೆ."

ಅಜ್ಜಿ ಮೂಸಿ ಮುಖ ಬಿಗಿದುಕೊಂಡರು. ಹುಳುವಿನ ತಟ್ಟೆಗಳಿಗೆಲ್ಲ ತಾವೇ ಹಿಪ್ಪುನೇರಳೆ ಸೊಪ್ಪು ಹಾಕಿದರು. ನಾನು ಬಾಗಿಲು ದಾಟದೆ ನಿಂತೇ ಇದ್ದೆ. ಕೊನೆಗೆ ಹಳೆಯ ಸೀರೆಯ ಒಂದು ತುಂಡು ಹರಿದು ನನ್ನ ಕೈಗೆಸೆದರು.

"ನಾಳೆ ಮೊದ್ಲು ಪೆಟ್ಗೆ ಒರ್ಸು, ಆಮೇಲೆ ನುಡ್ಸು. ನಿಮ್ಮೇಷ್ಟ್ರು ಬೈದ್ರೆ ನನ್ ತಾವ ಕಳ್ಸು!"

ಇತ್ತ ಪಿಯಾನೊ ತರಗತಿ ಬಿಟ್ಟಿತು. ಹೊರಬಂದ ಮೊಮ್ಮಗಳ ಬೆರಳುಗಳನ್ನು ಹಿಡಿದೆ.

"ಯಾಕಜ್ಜಿ, ನನ್ ಕೈ ಮೂಸ್ತಾ ಇದೀಯ?" ಎಂದಳು.