ಬರ್ಫಿನ ಮೇಲೆ ಎರೆ ಹೊಲದ ಬುದ್ಧಿ

ಸಿಮ್ಲೆಗೆ ಬಂದ ಮೊದಲ ಸಂಜೆ ಗ್ಯಾರೇಜಿನ ಮಾಲೀಕ ಸರ್ದಾರಜಿ ನನಗೆ ಕೊಟ್ಟ ಅಪ್ಪಣೆ, ಗಾಡಿಯ ಇಂಜಿನ್ನಿನ ನೀರನ್ನೆಲ್ಲ ಚೆಲ್ಲಿಬಿಡು ಎಂಬುದು. ಹೊಸಬನೆಂದು ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡೆ. ಗುತ್ತಲದಿಂದ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಲಾರಿ ಹೊಡೆಯುವಾಗ ಎರಡು ಡಬ್ಬಿ ನೀರು ಇಟ್ಟುಕೊಳ್ಳದೆ ನಾನು ಹೊರಟವನೇ ಅಲ್ಲ. ಇಂಜಿನ್ನು ಕುದ್ದು ಹಬೆ ಬಿಟ್ಟರೆ ಯಾರದೋ ಬಾವಿಗೆ ಓಡಬೇಕಾಗುತ್ತಿತ್ತು. ಇಲ್ಲಿ ನೋಡಿದರೆ ಸಂಜೆ ಚೆಲ್ಲಿ, ಬೆಳಿಗ್ಗೆ ಕಾಯಿಸಿ ಹೊಯ್ಯಬೇಕಂತೆ, ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಕಬ್ಬಿಣವನ್ನೇ ಸೀಳುತ್ತದಂತೆ. ಮರುದಿನ ಎದ್ದು ನನ್ನ ತಂಬಿಗೆಯ ನೀರನ್ನು ಬೆರಳಿನಿಂದ ಬಡಿದರೆ ಟಕ್ ಎಂದಿತು. ಆಮೇಲೆ ನಂಬಿದೆ.

ಇಲ್ಲಿಯವರ ಮಾತನ್ನು ಅಂದಿನಿಂದ ಯಾವಾಗಲೂ ಹಾಗೆಯೇ ನಂಬಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಹಿಮದ ನಾಡು ಹೇಗಿದೆ ಬರೆದು ಕಳಿಸು ಎಂದು ಊರ ಕಡೆಯವರು ಕೇಳಿದ್ದೀರಿ. ಬರೆಯುತ್ತೇನೆ. ಜೊತೆಗೆ ಹಲಗೇರಿಯ ಫಕೀರಪ್ಪನ ಕಾಲು ಹೋದದ್ದು ಯಾರಿಂದ ಎಂಬುದನ್ನೂ ಬರೆಯುತ್ತೇನೆ. ಆ ವಿಷಯದಲ್ಲಿ ನಿಮಗೆ ತಿಳಿದಿರುವುದು ಸುಳ್ಳು.

ನಾನು ಚನ್ನಪ್ಪ, ಬ್ಯಾಡಗಿಯವನು, ಮುಲ್ಕಿ ಪರೀಕ್ಷೆ ಪಾಸಾದವನು. ಯುದ್ಧದಲ್ಲಿ ಪಲ್ಟಣದ ಲಾರಿ ಹೊಡೆದೆ. ಯುದ್ಧ ಮುಗಿದ ಮೇಲೆ ಊರಿಗೆ ಮರಳದೆ ಈ ಗ್ಯಾರೇಜು ಸೇರಿದೆ. ಅದರ ಅಟ್ಟದ ಮೇಲೆ ನನ್ನ ಕೋಣೆ. ಹಲಗೆಯ ಗೋಡೆ, ತಗಡಿನ ಮಾಡು, ನಡುವೆ ಒಂದು ಅಂಗೀಠಿ, ಅಂದರೆ ಇದ್ದಿಲ ಒಲೆ. ನಮ್ಮಲ್ಲಿ ಒಲೆ ಹಚ್ಚುವುದು ಅಡಿಗೆಗೆ, ಇಲ್ಲಿ ಮೊದಲು ಮೈಗೆ, ಆಮೇಲೆ ಅಡಿಗೆಗೆ. ಬ್ಯಾಡಗಿಯ ಮುಸಲ್ಮಾನ ಗೆಳೆಯರಿಂದ ಕಲಿತ ಹಿಂದೂಸ್ತಾನಿಯಿಂದ ಕೆಲಸವೇನೋ ಸಾಗುತ್ತಿತ್ತು. ಆದರೆ ತಿಂಗಳುಗಟ್ಟಲೆ ಒಂದು ಕನ್ನಡ ಮಾತು ಕಿವಿಗೆ ಬೀಳದೆ ತಲೆ ಕೆಟ್ಟುಹೋಗಿತ್ತು. ಲಾರಿಗಳಿಗೆ ಕಟ್ಟಿಗೆಯ ಮೈ ಕಟ್ಟಲು ಬಡಿಗನೊಬ್ಬ ಬೇಕೆಂದು ಸರ್ದಾರಜಿ ಹೇಳಿದ್ದೇ ತಡ, ಬಡಿಗತನ ಬಲ್ಲ ಗೆಳೆಯ ಫಕೀರಪ್ಪನಿಗೆ ಕಾಗದ ಹಾಕಿದೆ. ಬಡಿಗರು ಇಲ್ಲಿಯೂ ಸಿಗುತ್ತಿದ್ದರು. ನನಗೆ ಬೇಕಾಗಿದ್ದದ್ದು ಮಾತಾಡಲು ಒಬ್ಬ ಮನುಷ್ಯ.

ಹೆಂಡತಿ ನೀಲವ್ವನನ್ನು ಊರಲ್ಲಿ ಬಿಟ್ಟು ಅವನು ಬಂದ. ಗಂಟಿನಲ್ಲಿ ಜೋಳದ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿಯ ಪುಡಿ. ಮೊದಲ ದಿನ ರೊಟ್ಟಿ ಬಡಿಯುವ ಸಪ್ಪಳಕ್ಕೆ ಕೆಳಗಿನಿಂದ ಜೀತರಾಮ ಹತ್ತಿ ಬಂದ. ಅವನು ನಮ್ಮ ಗ್ಯಾರೇಜಿನ ಫಿಟ್ಟರು, ಪಹಾಡಿ, ಅಂದರೆ ಈ ಗುಡ್ಡಗಳಲ್ಲೇ ಹುಟ್ಟಿ ಬೆಳೆದವನು. ಚಟ್ನಿಯ ಕೆಂಪು ಕಂಡು ಹೆದರಿ, ಉಗುರಿನಷ್ಟು ನಾಲಿಗೆಗೆ ಹಚ್ಚಿಕೊಂಡ. ಬಣ್ಣಕ್ಕೆ ತಕ್ಕ ಖಾರ ಇಲ್ಲವೆಂದು ತಿಳಿದದ್ದೇ ಬಟ್ಟಲು ಎಳೆದುಕೊಂಡು ಬಳಿದು ತಿಂದ. “ಇವಗ ರುಚಿ ಹತ್ತಿತಲೇ ಚನ್ಯಾ, ಇನ್ನ ನಮಗ ಪುಡಿ ಉಳಿಯೂದಿಲ್ಲ,” ಎಂದು ಫಕೀರಪ್ಪ ನಕ್ಕ. ಅಂದಿನಿಂದ ನಾವು ಮೂವರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಇಲ್ಲಿಯೂ ಬಾಳಬಹುದು ಎಂದು ನನಗೆ ಅನ್ನಿಸಿದ್ದು ಆಗಲೇ.

ಆ ಚಳಿಗಾಲದಲ್ಲಿ ಸರ್ದಾರಜಿ ಪಲ್ಟಣದವರು ಹರಾಜು ಹಾಕಿದ ಒಂದು ಜೀಪು ಹಿಡಿದು ತಂದ. ಚಿಕ್ಕ ಗಾಡಿ. ಆದರೆ ಅದರ ನಾಲ್ಕು ಗಾಲಿಗೂ ಇಂಜಿನ್ನಿನ ಬಲ ಇರುತ್ತದೆ, ರಸ್ತೆಯೇ ಬೇಡ. ಒಂದು ರವಿವಾರ ಅದನ್ನು ಪರೀಕ್ಷೆ ಮಾಡುವ ನೆವ ಹೇಳಿ ಮೂವರೂ ಹೊರಟೆವು. ಹಿಂದಿನ ಗಾಲಿಗಳಿಗೆ ಸರಪಳಿ ಸುತ್ತಿ, ಹೇಸರಗತ್ತೆಗಳು ಸಾಮಾನು ಹೊತ್ತು ನಡೆಯುವ ದಾರಿಗೆ ಗಾಡಿ ಹಾಕಿದೆ. ಎಡಕ್ಕೆ ದೇವದಾರು ಮರಗಳು, ಬಲಕ್ಕೆ ಖಡ್ಡು. ನೋಡಿದರೆ ತಲೆ ತಿರುಗುವ ಕಂದಕಕ್ಕೆ ಇಲ್ಲಿಯವರು ಹಾಗೆನ್ನುತ್ತಾರೆ. ಫಕೀರಪ್ಪ ಮೊದಲು ಕಣ್ಣು ಮುಚ್ಚಿ ಕೂತಿದ್ದ, ಆಮೇಲೆ ಎದ್ದು ನಿಂತು ಹಾಡತೊಡಗಿದ. ಜೀವನದಲ್ಲಿ ನಾನು ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ. ಅದನ್ನು ಹೇಳಲೂ ಈಗ ನಾಚಿಕೆಯಾಗುತ್ತದೆ.

ದಾರಿ ಬಿಟ್ಟು ದಿಬ್ಬದ ನೆತ್ತಿಗೆ ಹತ್ತಿಸೋಣ ಎಂದವನು ನಾನು. ಅರ್ಧ ಏರಿನಲ್ಲಿ ಗಾಲಿಗಳು ಬರ್ಫಿನಲ್ಲಿ, ಅಂದರೆ ಹಿಮದಲ್ಲಿ, ಹೂತು ಸುಮ್ಮನೆ ತಿರುಗತೊಡಗಿದವು. ಜೀತರಾಮ ಜಿಗಿದಿಳಿದು, “ಪಹಲೇ ಪತ್ಥರ್ ಲಗಾವ್, ಪೀಛೆ ಕೋಯಿ ಮತ್ ಖಡಾ ಹೋ,” ಎಂದ. ಮೊದಲು ಗಾಲಿಗೆ ಕಲ್ಲು ಕೊಡಿ, ಹಿಂದೆ ಯಾರೂ ನಿಲ್ಲಬೇಡಿ ಎಂದು. ಹೇಳಿ, ಕಲ್ಲು ಹುಡುಕಲು ಹೋದ.

ಅವನು ಬರುವವರೆಗೆ ಕಾಯಲು ನನಗೇನು ರೋಗ ಬಂದಿತ್ತೋ. ಮಳೆಗಾಲದಲ್ಲಿ ನಮ್ಮ ಎರೆ ಹೊಲದ ದಾರಿಯಲ್ಲಿ ಲಾರಿ ಹುಗಿದರೆ ನಾವು ಮಾಡುವುದು ಒಂದೇ. ನಾಲ್ಕು ಮಂದಿ ಹಿಂದೆ ನಿಂತು ಹೆಗಲು ಕೊಡುತ್ತಾರೆ, ಡ್ರೈವರು ಇಂಜಿನ್ನು ಜೋರು ಮಾಡುತ್ತಾನೆ. ಎರೆಮಣ್ಣು ಗಾಲಿಯನ್ನು ಹಿಡಿದುಕೊಂಡಿರುತ್ತದೆ, ಗಾಡಿ ಮುಂದೆ ಹೋಗದಿದ್ದರೂ ಹಿಂದೆ ಬರುವುದಿಲ್ಲ. ಸಾವಿರ ಸಲ ಮಾಡಿದ ಕೆಲಸ ಅದು.

“ಇವನ ಕಲ್ಲು ಹುಡುಕೂದರಾಗ ಕತ್ತಲಾಗ್ತೈತಿ,” ಎಂದೆ. “ಫಕೀರಾ, ಇಳದು ಹಿಂದ ಹೆಗಲು ಕೊಡಲೇ.”

ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಇಳಿದು ಹೋದ. ಗಾಡಿ ಎರಡು ಮಾರು ಮುಂದೆ ಹೋಯಿತು, ನಿಂತಿತು, ಹಿಂದೆ ಜಾರಿತು. ಬ್ರೇಕು ಒತ್ತಿದೆ. ಗಾಲಿಗಳು ನಿಂತವು, ಗಾಡಿ ನಿಲ್ಲಲಿಲ್ಲ. ಹಿಂದೆ ಒಂದು ದೇವದಾರು ಮರ ಇತ್ತು. ಅದಕ್ಕೂ ಗಾಡಿಗೂ ನಡುವೆ ಫಕೀರಪ್ಪನ ಬಲಗಾಲು ಸಿಕ್ಕಿತು.

ಜೀತರಾಮ ಹಿಡಿದಿದ್ದ ಕಲ್ಲು ಎಸೆದು ಓಡಿ ಬಂದ. ಸನ್ನೆಗೋಲು ಹಾಕಿ ಗಾಡಿ ಸರಿಸಿದೆವು. ಫಕೀರಪ್ಪನನ್ನು ಬೆನ್ನ ಮೇಲೆ ಹೊತ್ತು ಕೆಳಗಿನ ಹಳ್ಳಿಯವರೆಗೆ ನಡೆದೆ, ಅಲ್ಲಿಂದ ಹೇಸರಗತ್ತೆಯ ಮೇಲೆ ಕೂರಿಸಿ ಆಸ್ಪತ್ರೆಗೆ ತಂದೆವು. ಮೊಣಕಾಲ ಕೆಳಗಿನದು ಉಳಿಯಲಿಲ್ಲ. ಎಚ್ಚರವಾದಾಗ ಅವನು ಮನೆಗೆ ಕಾಗದ ಬರೆ ಎಂದ, ಹೇಳಿದ್ದನ್ನು ಬರೆದುಕೊಂಡೆ. ‘ಬರ್ಫಿನಾಗ ಕಾಲು ಜಾರಿ ಬಿದ್ದೆ. ಚನ್ನಪ್ಪ ಹೊತಗೊಂಡು ಬಂದು ಜೀವಾ ಉಳಿಸಿದ.’ ಎರಡನೆಯ ಸಾಲು ಬರೆಯುವಾಗ ಲೆಕ್ಕಣಿಕೆ ಕೆಳಗಿಡಬೇಕಾಗಿತ್ತು. ಇಡಲಿಲ್ಲ, ಬರೆದೆ.

ಗಾಯ ಮಾಗಿದ ಮೇಲೆ ಅವನನ್ನು ರೈಲಿನಲ್ಲಿ ಕರೆತಂದೆ. ಹಾವೇರಿ ದಾಟಿ ಬ್ಯಾಡಗಿ ಸ್ಟೇಶನ್ನು ಬಂದಾಗ ಖಾರದ ಘಾಟಿಗೆ ಗಾಡಿಯೆಲ್ಲ ಸೀನಿತು. ನನ್ನ ಊರು, ಆದರೂ ಇಳಿಯಲು ಕಾಲೇಳಲಿಲ್ಲ. ರಾಣೆಬೆನ್ನೂರಿನಲ್ಲಿ ಇಳಿದು ಚಕ್ಕಡಿಯಲ್ಲಿ ಹಲಗೇರಿ ಮುಟ್ಟಿದೆವು. ನೀಲವ್ವ ಹೋಳಿಗೆ ಮಾಡಿದ್ದಳು. ಗಂಡನಿಗಿಂತ ಮೊದಲು ನನಗೆ ಬಡಿಸಿ, “ನೀವು ಇದ್ದಿದ್ದಿಲ್ಲಂದ್ರ ನಮ್ಮವರು ಬರ್ತಿದ್ದಿಲ್ಲರಿ ಅಣ್ಣಾ. ಇದು ನಿಮ್ಮ ತಂಗಿ ಮನಿ ಅಂತ ತಿಳೀರಿ,” ಎಂದಳು. ನಾನು ತುಪ್ಪ ಹಾಕಿಸಿಕೊಂಡು ಉಂಡೆ. ಉಂಡೆನಲ್ಲ, ಅದನ್ನು ಏನೆನ್ನಬೇಕು.

ಮರುದಿನ ಕಟ್ಟೆಯ ಮೇಲೆ ಕೂತಿದ್ದ ಫಕೀರಪ್ಪನಿಗೆ ಹೇಳಿದೆ. “ಜೀತರಾಮ ಹಿಂದ ನಿಂದರಬ್ಯಾಡ್ರಿ ಅಂದಿದ್ದ. ನಾ ಕೇಳಲಿಲ್ಲ.”

“ನನಗ ಹಿಂದೂಸ್ತಾನಿ ತಿಳಿಯೂದಿಲ್ಲೇನಲೇ?” ಎಂದ. “ಅವ ಅಂದಿದ್ದು ನನಗೂ ಕೇಳಿತ್ತು. ಆದರ ಆ ಊರಾಗ ನಮ್ಮವ ಅಂತ ಇದ್ದಾವ ನೀ ಒಬ್ಬನ. ನಿನ್ನ ಬಿಟ್ಟು ಅವನ ಮಾತು ಹೆಂಗ ಕೇಳ್ಲಿ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮುಂದೆ ಅವನೇ, “ಆಕಿಗೆ ಹೇಳಬ್ಯಾಡ. ಹೇಳಿದ್ರ ಆಮ್ಯಾಲ ನಿನಗ ಈ ಮನಿ ಇರೂದಿಲ್ಲ,” ಎಂದ.

ಮತ್ತೆ ಸಿಮ್ಲೆಗೆ ಬಂದಿದ್ದೇನೆ. ಜೀತರಾಮ ಈಗಲೂ ನನ್ನ ಜೊತೆ ಉಣ್ಣುತ್ತಾನೆ, ನಾನು ಹೊಡೆಯುವ ಗಾಡಿ ಮಾತ್ರ ಹತ್ತುವುದಿಲ್ಲ. ಊರಲ್ಲಿ ನನ್ನನ್ನು ಜೀವ ಉಳಿಸಿದವನು ಎನ್ನುತ್ತಾರೆ. ಇಲ್ಲಿ ನಾನು ಯಾರೆಂಬುದು ಜೀತರಾಮನಿಗೆ ಗೊತ್ತಿದೆ, ಅಲ್ಲಿ ನನ್ನ ಹೆಸರಿನಲ್ಲಿ ಬೇರೆ ಯಾರನ್ನೋ ಅಣ್ಣ ಅನ್ನುತ್ತಿದ್ದಾರೆ. ಗೆಳೆಯನ ಮಾತು ಮೀರಿ ಇದನ್ನು ಬರೆದಿದ್ದೇನೆ. ನೀಲವ್ವನಿಗೆ ಓದಲು ಬರುವುದಿಲ್ಲ, ಹಲಗೇರಿಯವರು ಯಾರಾದರೂ ಆಕೆಗೆ ಓದಿ ಹೇಳಿರಿ, ಒಂದು ಸಾಲೂ ಬಿಡಬೇಡಿರಿ. ಬೇಸಿಗೆಯಲ್ಲಿ ನಾನು ಬರುತ್ತೇನೆ. ಅಂಗಳದ ಹೊರಗೆ ನಿಂತು ಕೂಗುತ್ತೇನೆ, ಒಳಗೆ ಬಾ ಎನ್ನುವುದು ಬಿಡುವುದು ಆಕೆಗೆ ಸೇರಿದ್ದು.