ಹಿತ್ತಲಿನ ತಂತಿ

ನನಗೆ ಬಿ.ಪಿ. ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ. ನಿವೃತ್ತಿಯಾದ ವರ್ಷ ಡಾಕ್ಟರು, "ದಿನಾ ಒಂದ್ ತಾಸು ಹಸಿರಾಗ ಸುಮ್ಮ ಕೂಡ್ರಿ" ಅಂದರು. ಇಬ್ರಾಹಿಂಪುರದಲ್ಲಿ ಹಸಿರು ಎಲ್ಲಿಂದ ತರಲಿ? ಮನೆಯ ಹಿತ್ತಲಲ್ಲೇ ತೋಟ ಮಾಡುವುದೆಂದು ಹಟ ಹಿಡಿದೆ.

ಹಿತ್ತಲೆಂದರೆ ಅಕ್ಕನ ರಾಜ್ಯ. ಅವ್ವ ಸತ್ತ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಜೈನಾಪುರಕ್ಕೆ ಕೊಟ್ಟಿತ್ತು, ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದಳು. ಕಣ್ಣು ಹೋಗಿ ಎಂಟು ವರ್ಷವಾಗಿದ್ದರೂ ಯಾರ ಕೈಯನ್ನೂ ಹಿಡಿದವಳಲ್ಲ. ಹಿಂಬಾಗಿಲಿನಿಂದ ಪಾಯಖಾನೆಯವರೆಗೆ ಬಟ್ಟೆ ಒಣಹಾಕುವ ತಂತಿ ಇತ್ತು. ಅದರ ಮೇಲೆ ಕೈ ಜಾರಿಸುತ್ತ ಹೋಗುತ್ತಿದ್ದಳು. ಒಗೆಯುವ ಕಲ್ಲು ಕಾಲಿಗೆ ತಾಗಿದರೆ ಅರ್ಧ ದಾರಿ, ಬೇವಿನ ಬೇರು ತಾಗಿದರೆ ಬಂದೇ ಬಿಟ್ಟಿತು.

ತಿಕೋಟಾದ ಕಡೆಯಿಂದ ಮಾಲಿ ಬಂದ. ಎರೆಮಣ್ಣು ತೆಗೆದು ಗರಸು ಮಣ್ಣು ಹಾಕಿದ. ನಾನು ಫೋನಿನಲ್ಲಿ ವಿಡಿಯೊ ನೋಡಿ ದೊಡ್ಡ ಪಂಡಿತನಾಗಿದ್ದೆ. ದಾರಿ ನೆಟ್ಟಗಿರಬಾರದು, ಬಳುಕಬೇಕು. ಒಗೆಯುವ ಕಲ್ಲು ಕೀಳು. ತಂತಿ ಅಸಹ್ಯ ಕಾಣುತ್ತದೆ, ಬಿಚ್ಚು.

"ಅಕ್ಕಾರು ಹೆಂಗ ಅಡ್ಡಾಡ್ತಾರ್ರಿ ಸಾಹೇಬ್ರ?" ಅಂದ ಮಾಲಿ.

"ನೀ ಗಿಡ ಹಚ್ಚಾಕ ಬಂದೀಯೋ, ನ್ಯಾಯ ಹೇಳಾಕ ಬಂದೀಯೋ?"

ಬಾಗಿಲಲ್ಲಿ ಕೂತು ಕೇಳುತ್ತಿದ್ದ ಅಕ್ಕ, "ತಮ್ಮಾ, ತಂತಿ ಒಂದ್ ಬಿಡೋ" ಅಂದಳು.

"ಕರದ್ರ ಕೈ ಹಿಡೀತೇವಲ್ಲ ಬೇ. ಯಾಕ ಒದರ್ತಿ?" ಒದರಿದ್ದು ನಾನು. ಅವಳು ಮೆಲ್ಲಗೇ ಹೇಳಿದ್ದಳು.

ಹುಲ್ಲು, ಉಯ್ಯಾಲೆ, ನೆಲಕ್ಕೆ ಸಮನಾಗಿ ತೋಡಿದ ತಾವರೆಯ ತೊಟ್ಟಿ, ಎಲ್ಲ ಆಯಿತು. ಮೊದಲ ಭಾನುವಾರ ಗೆಳೆಯರನ್ನು ಚಹಾಕ್ಕೆ ಕರೆದೆ. ಅವರು ಹೊಗಳುತ್ತಿದ್ದಾಗಲೇ ಅಕ್ಕ ಹೊರಗೆ ಬಂದಳು. ಇಲ್ಲದ ತಂತಿಗಾಗಿ ಗಾಳಿಯಲ್ಲಿ ಕೈ ಆಡಿಸುತ್ತ ನಾಲ್ಕು ಹೆಜ್ಜೆ ಇಟ್ಟವಳು ತೊಟ್ಟಿಗೆ ಇಳಿದೇಬಿಟ್ಟಳು. ಗಾಬರಿಗೆ ಅಲ್ಲೇ, ಎಲ್ಲರೆದುರು, ಸೀರೆಯಲ್ಲೇ ಒಂದಕ್ಕೆ ಆಗಿಹೋಯಿತು. ಗೆಳೆಯನೊಬ್ಬ ಮುಖ ತಿರುಗಿಸಿ ನಕ್ಕ.

"ಬಾಯಿ ಸತ್ತೈತೇನ್ ನಿಂದು? ಕರಿಯಾಕ ಬರಂಗಿಲ್ಲೇನು? ನನ್ನ ಮಾನ ಕಳದಿ!" ಎಂದು ಚೀರಿದೆ. ಅವಳನ್ನು ಒಳಗೆ ಕರೆದೊಯ್ದದ್ದು ನನ್ನ ಹೆಂಡತಿ.

ಆಮೇಲೆ ಕೆಲವು ದಿನ ಕರೆದಳು. "ತಮ್ಮಾ, ಜರಾ ಬರ್ತೀಯೇನೋ?" ನಾನು ಉಯ್ಯಾಲೆಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದೆ. "ಈಗರೆ ಹೋಗಿ ಬಂದಿ ಅಲ್ಲೇನ್ ಬೇ? ಎಷ್ಟ್ ಸಲ?" ಎನ್ನುತ್ತ ಏಳುತ್ತಿದ್ದೆ. ಬರಬರುತ್ತ ಕರೆಯುವುದು ಕಡಿಮೆಯಾಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅಷ್ಟೇ. ಸದ್ಯ, ಇವಳಿಗೂ ರೂಢಿಯಾಯಿತಲ್ಲ ಎಂದು ಹಗುರಾದೆ. ನನ್ನ ಬಿ.ಪಿ. ಇಳಿಯಿತು. ಡಾಕ್ಟರು ತೋಟವನ್ನು ಹೊಗಳಿದರು.

ಬೇಸಿಗೆಯಲ್ಲಿ ಅಕ್ಕ ನಾಲಿಗೆ ಒಣಗಿ, ಎಚ್ಚರ ತಪ್ಪಿ ಬಿದ್ದಳು. ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದರು. ಎಷ್ಟೋ ದಿನದಿಂದ ಸರಿಯಾಗಿ ನೀರೇ ಕುಡಿದಿಲ್ಲ, ಕಿಡ್ನಿ ಕೆಟ್ಟಿವೆ ಅಂದರು. ಅವಳ ಮಂಚದ ಪಕ್ಕ ಇಟ್ಟ ತಂಬಿಗೆ ಸಂಜೆಯಾದರೂ ತುಂಬಿಯೇ ಇರುತ್ತಿದ್ದದ್ದು ಆಗ ನೆನಪಾಯಿತು. ಅದೇ ಬೇಸಿಗೆಯಲ್ಲಿ ನಾನು ಅವಳ ಕಿಟಕಿಯ ಕೆಳಗೆ ನಿಂತು ಎರಡು ಹೊತ್ತೂ ಹುಲ್ಲಿಗೆ ಪೈಪಿನಿಂದ ನೀರು ಬಿಟ್ಟಿದ್ದೆ.

ಅವಳಿಗೆ ಎಚ್ಚರವಾದಾಗ ಅಲ್ಲೂ ಬೈದೆ. "ಇಂಥಾ ಬಿಸಲಾಗ ನೀರ್ ಯಾಕ ಕುಡೀಲಿಲ್ಲ ಬೇ? ಹುಚ್ಚಿ ಏನ್ ನೀ?"

"ಕುಡದ್ರ ನಿನ್ನ ಕರೀಬೇಕಾಗ್ತಿತ್ತಲ್ಲೋ ತಮ್ಮಾ" ಅಂದಳು.

ಮರುದಿನವೇ ಮಾಲಿಯನ್ನು ಕರೆಸಿ ತಂತಿ ಕಟ್ಟಿಸಿದೆ. ಅಕ್ಕ ಮನೆಗೇನೋ ಬಂದಳು, ಆದರೆ ಮಂಚ ಬಿಟ್ಟು ಏಳಲಿಲ್ಲ. ಹನ್ನೊಂದು ದಿನ ಇದ್ದು ತೀರಿಹೋದಳು. ಅವಳ ಸೀರೆ ಒಗೆದು ಆ ತಂತಿಗೆ ಹಾಕಿದವನು ನಾನೇ.